ಹ್ಯಾಂಡಲ್ಲಿಗೆ ಹೊಲಿದ ಕುಲಾಯಿ

ಚಳಿಗೆ ಮರ್ಯಾದೆ ಗೊತ್ತಿಲ್ಲ ಎನ್ನುವುದು ಮಾಳಮ್ಮನ ಬಹಳ ವರ್ಷಗಳ ದೂರು. ಕೊಡೆ ಹಿಡಿದರೆ ಮಳೆ ಹೊರಗೆ ನಿಲ್ಲುತ್ತದೆ, ಮರದ ಕೆಳಗೆ ಹೋದರೆ ಬಿಸಿಲು ಆಚೆಯೇ ಉಳಿಯುತ್ತದೆ. ಈ ಮಾಗಿಯ ಥಂಡಿ ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಬಾಗಿಲು ತಟ್ಟದೆ ಒಳಗೆ ಬಂದು, ಹೊದ್ದ ಕಂಬಳಿಯಲ್ಲೂ ಪಾಲು ಕೇಳುತ್ತದೆ. ಅದರಲ್ಲೂ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಚಳಿ ಕೇಳುವುದೇ ಬೇಡ. ಎರಡೂ ಕಡೆ ಬಯಲು, ಶೇಂಗಾ ಕಿತ್ತ ಬರಿ ಹೊಲ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಗಾಳಿಗೆ ಅಡ್ಡ ಬರುವಂಥದ್ದು ಅಲ್ಲಿ ಏನಾದರೂ ಇದ್ದರೆ ಮೋಟಾರ್ ಸೈಕಲ್ಲಿನ ಮೇಲೆ ಕೂತ ಮನುಷ್ಯ ಮಾತ್ರ.

ಆ ಮನುಷ್ಯ ಮಾಳಮ್ಮನ ಒಬ್ಬನೇ ಮಗ ಭೀಮರಾಜ. ಕೊಟ್ಟೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವನದು. ಸಕ್ಕರೆ ಕಾಯಿಲೆಯವರು ಬೆಳಗಾಗುತ್ತಲೇ ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಚಹಾ ಕುಡಿದಿರುವುದಿಲ್ಲ, ಹಾಗಾಗಿ ಲೋಕದ ಮೇಲೆಲ್ಲ ಸಿಟ್ಟು. ಅವರ ಸಿಟ್ಟು ಏರುವ ಮೊದಲೇ ಇವನು ಅಲ್ಲಿರಬೇಕು. ಇರುತ್ತಿದ್ದ ಕೂಡ. ಆದರೆ ಗಾಡಿ ಇಳಿಯುವ ಹೊತ್ತಿಗೆ ಅವನ ಬೆರಳುಗಳು ಅವನವಾಗಿ ಉಳಿದಿರುತ್ತಿರಲಿಲ್ಲ. ರಕ್ತ ತೆಗೆಯುವವನಿಗೆ ನರ ಸಿಗುವುದು ಕಣ್ಣಿಗಲ್ಲ, ಬೆರಳಿಗೆ. ಮೊಣಕೈಯ ಒಳಗೆ ಮೆತ್ತಗೆ ಒತ್ತಿ, ಅದು ಎಲ್ಲಿ ಅಡಗಿದೆ ಎಂದು ಹುಡುಕಬೇಕು. ಮರಗಟ್ಟಿದ ಬೆರಳಿಗೆ ನರವೂ ಒಂದೇ, ಮೂಳೆಯೂ ಒಂದೇ.

ಈ ಸಂಗತಿ ಮಾಳಮ್ಮನಿಗೆ ತಿಳಿದದ್ದು ಎರ್ರೆಮ್ಮನಿಂದ. ಮಾಳಮ್ಮ ಕೂಡ್ಲಿಗಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಎರ್ರೆಮ್ಮ ಅವಳ ಜೊತೆಗಾತಿ. ಪರಿಚಯದ ಹುಡುಗ ಎಂದು ಅಷ್ಟು ದೂರ ಹೋಗಿ ರಕ್ತ ಕೊಟ್ಟು ಬಂದ ಎರ್ರೆಮ್ಮ, ಮರುದಿನ ಸೆರಗು ಸರಿಸಿ ತೋಳು ತೋರಿಸಿದಳು. ಎರಡು ಕಡೆ ನೀಲಿಗಟ್ಟಿತ್ತು.

"ನಿನ್ನ ಮಗ ಬಂಗಾರದಂಥವ ಅದಾನ, ಇಲ್ಲ ಅನ್ನಂಗಿಲ್ಲ. ಆದ್ರ ಕೈ ಏನವ್ವ ಅವು, ಕೆರಿ ನೀರಾಗಿಂದ ಎತ್ತಿದ ಕಲ್ಲು ಮುಟ್ಟಿದಂಗಾತು. ಅಂವ ಸೂಜಿ ಚುಚ್ಚೋಕಿಂತ ಮೊದ್ಲಾ ನಾ ಚೀರಿಬಿಟ್ಟೆ."

ಗಂಡ ಗಾದಿಲಿಂಗಪ್ಪ ಹೋದ ಮೇಲೆ ಊರವರ ಮಕ್ಕಳಿಗೆಲ್ಲ ಉಪ್ಪಿಟ್ಟು ತಿರುವಿ ತಿರುವಿ ಈ ಒಬ್ಬ ಮಗನನ್ನು ಓದಿಸಿದವಳು ಮಾಳಮ್ಮ. ಅವನ ಕೈ ಮುಟ್ಟಿದರೆ ಜನ ಚೀರುತ್ತಾರೆ ಎಂದರೆ ಸುಮ್ಮನಿರಲು ಅವಳೇನು ಕಲ್ಲೇ. ಮೊದಲು ಹರಳೆಣ್ಣೆ ತಿಕ್ಕಿ ಕಳಿಸಿದಳು. ಹ್ಯಾಂಡಲ್ ಜಾರಿತು. ಕಾಲುಚೀಲವನ್ನು ಕೈಗೆ ತೊಡಿಸಿದಳು. ಗಾಳಿ ಅದರ ನೇಯ್ಗೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಹಗರಿಬೊಮ್ಮನಹಳ್ಳಿಯ ಸಂತೆಯಿಂದ ದಪ್ಪ ಕೈಗವಸು ತರಿಸಿದಳು. ಅದನ್ನು ಹಾಕಿಕೊಂಡವನಿಗೆ ಕ್ಲಚ್ ಎಲ್ಲಿದೆ ಎಂದೇ ತಿಳಿಯದೆ, ಮನೆ ಮುಂದಿನ ಗಟಾರಕ್ಕೆ ಗಾಡಿ ಸಮೇತ ಇಳಿದ. ಕೊನೆಗೆ ಒಂದು ಭಾನುವಾರ ಮಾಳಮ್ಮ ಅಟ್ಟದ ಮೇಲಿಂದ ಹಳೆಯ ಕೌದಿ ಇಳಿಸಿ, ಕತ್ತರಿ ತಗೊಂಡು ಅಂಗಳದಲ್ಲಿ ಕೂತಳು.

ಎರಡು ಪದರ ಕೌದಿ, ಮೇಲೆ ಪಕ್ಕದ ಮನೆ ಆಟೋದ ಹಳೇ ಸೀಟಿನ ಕರಿ ರೆಕ್ಸಿನ್. ಹ್ಯಾಂಡಲ್ಲಿಗೆ ಒಂದು ಕಡೆ ಲಾಡಿ ಬಿಗಿದು ಕಟ್ಟಿದರೆ, ಇನ್ನೊಂದು ಕಡೆಯಿಂದ ಕೈ ತೂರಿಸಬಹುದು. ಕ್ಲಚ್ಚು, ಬ್ರೇಕು, ಹಾರ್ನು ಎಲ್ಲ ಚೀಲದೊಳಗೇ. ಗಾಳಿ ನುಗ್ಗಬಾರದೆಂದು ಮುಂಗೈ ಬಳಿ ಎಲಾಸ್ಟಿಕ್ ಹಾಕಿದಳು, ಅದೂ ಹಾಸ್ಟೆಲಿನ ಹಿಟ್ಟಿನ ಚೀಲದ ಬಾಯಿ ಕಟ್ಟುವ ಹಾಗೆ ಬಿಗಿಯಾಗಿ. ಓಣಿಯವರು ನೋಡಿ ಬಿದ್ದು ಬಿದ್ದು ನಕ್ಕರು. "ಮೊಮ್ಮಗನ ತಲಿಗೆ ಹೊಲಿಯೋ ಕುಲಾಯಿನ ಗಾಡಿಗೆ ಹೊಲಿದಾಳ" ಎಂದರು. ನಗಲಿ ಬಿಡಿ, ಹಲ್ಲಿದ್ದವರು ನಗುತ್ತಾರೆ. ಸೋಮವಾರ ಸಂಜೆ ಮಗ ಬಂದು ಅವಳ ಕೆನ್ನೆಗೆ ಕೈಯಿಟ್ಟ. ಬೆಚ್ಚಗಿತ್ತು.

"ಇವತ್ತು ಒಬ್ಬರೂ ಚೀರಲಿಲ್ಲವ್ವ."

ಮಾಳಮ್ಮ ಆ ರಾತ್ರಿ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡು ಮಲಗಿದಳು. ಅವಳಿಗೆ ಆ ದಿನಗಳಲ್ಲಿ ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ಭೀಮರಾಜನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿ ಕೊಟ್ಟೂರಿನವಳು, ಹೆಸರು ಕ್ರಾಂತಿ, ಹರಪನಹಳ್ಳಿಯಲ್ಲಿ ಸರ್ವೇಯರ್. ದಿನಾ ಬಸ್ಸಿಗೆ ಹೋಗಿ, ಹೊಲ ಹೊಲ ತಿರುಗಿ, ಗಡಿಗಾಗಿ ಬಡಿದಾಡುವ ಅಣ್ಣತಮ್ಮಂದಿರ ನಡುವೆ ನಿಂತು ಅಳತೆ ಮಾಡಿ ಬರುವ ಗಟ್ಟಿ ಹುಡುಗಿ. ಮನೆ ನೋಡಲು ಬಂದ ದಿನ ಜೋಳದ ರೊಟ್ಟಿ ತಿಂದು, ಯಾರೂ ಕೇಳುವ ಮೊದಲೇ "ಅತ್ತಿ, ಇನ್ನೊಂದು ಹಾಕ್ರಿ" ಎಂದು ತಟ್ಟೆ ಮುಂದೆ ಮಾಡಿದ್ದಳು. ನಾಚಿ ಹಸಿದು ಏಳುವ ಸೊಸೆಯರನ್ನು ಮಾಳಮ್ಮ ಬೇಕಾದಷ್ಟು ಕಂಡಿದ್ದಳು. ಕೇಳಿ ತಿನ್ನುವವಳು ತನ್ನ ಮನೆಗೆ ಬರಲಿ ಎಂದು ಅಂದೇ ಮನಸ್ಸು ಮಾಡಿದಳು. ಸಂಕ್ರಾಂತಿ ಮುಗಿದ ಮೇಲೆ ಹೂ ಮುಡಿಸುವುದು ಎಂದು ಮಾತಾಗಿತ್ತು.

ಅಷ್ಟರಲ್ಲಿ ಕರಿಯಕ್ಕನ ಫೋನು ಬಂತು. ಕರಿಯಕ್ಕ ಮಾಳಮ್ಮನ ಗಂಡನ ಅಕ್ಕ, ಕೊಟ್ಟೂರಿನಲ್ಲೇ ಮನೆ, ಈ ಸಂಬಂಧ ಹಚ್ಚಿದವಳೂ ಅವಳೇ.

"ಲೇ ಮಾಳಿ, ಹೂ ಮುಡಿಸೋದು ಸದ್ಯಕ್ಕ ಬ್ಯಾಡ ಅಂದಾನ ಹುಡುಗಿ ಅಪ್ಪ."

"ಯಾಕಕ್ಕ? ಏನಾತು?"

"ನಿನ್ನ ಮಗಗ ಸೊಕ್ಕು ಬಂದೈತಂತ. ದಿನಾ ಮುಂಜಾನಿ ಆತನ ಮುಂದ ಹಾದು ಹೋಗ್ತಾನ, ಕೈ ಎತ್ತಂಗಿಲ್ಲಂತ."

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸೀಮೆಯಲ್ಲಿ ಗಾಡಿ ಓಡಿಸುವವನಿಗೆ ಬ್ರೇಕ್ ಹಾಕಲು ಬರದಿದ್ದರೂ ಹೇಗೋ ನಡೆದೀತು, ಕೈ ಎತ್ತಲು ಬರಲೇಬೇಕು. ಎದುರಿಗೆ ಪರಿಚಯದವರು ಬರಲಿ, ಕಟ್ಟೆಯ ಮೇಲೆ ಹಿರಿಯರು ಕೂತಿರಲಿ, ಎಡಗೈ ಹ್ಯಾಂಡಲ್ ಬಿಟ್ಟು ಮೇಲೆ ಹೋಗಬೇಕು. ಶರಣ್ರಿ, ನಮಸ್ಕಾರ್ರಿ, ಸಲಾಂ, ಜೈ ಭೀಮ್, ಎಲ್ಲದಕ್ಕೂ ಅದೊಂದೇ ಕೈ. ಎತ್ತಿದವನನ್ನು ಮರೆತುಬಿಡುತ್ತಾರೆ. ಎತ್ತದವನನ್ನು ಮಾತ್ರ ಯಾರೂ ಮರೆಯುವುದಿಲ್ಲ. ಇನ್ನು ಕ್ರಾಂತಿಯ ಅಪ್ಪ ಹೊನ್ನೂರಸ್ವಾಮಿ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಶಾಲೆಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದ ಮನುಷ್ಯ. ಈಗ ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಅನ್ನದಾನಮ್ಮನ ಚಹಾದಂಗಡಿಯ ಮುಂದಿನ ಕಲ್ಲಿನ ಮೇಲೆ ಎಳೆಬಿಸಿಲು ಕಾಯಿಸುತ್ತ ಕೂರುತ್ತಾನೆ. ಹಾದುಹೋಗುವ ಲಾರಿಯ ಕ್ಲೀನರ್ ಕೈ ಎತ್ತಿದರೂ ತಿರುಗಿ ಎತ್ತದೆ ಬಿಟ್ಟವನಲ್ಲ. ಅಂಥವನ ಮುಂದೆ ಅಳಿಯನಾಗುವವನು ಎರಡು ಕೈಯನ್ನೂ ಚೀಲದಲ್ಲಿ ಹೂತುಕೊಂಡು ಭರ್ರನೆ ಹೋಗಿಬಿಡುತ್ತಿದ್ದ.

ಸಂಜೆ ಮಗ ಬರುತ್ತಲೇ ಮಾಳಮ್ಮ ಅವನನ್ನು ಹಿಡಿದು ಕೇಳಿದಳು.

"ಎತ್ತಾಕ ಆಗಂಗಿಲ್ಲವ್ವ. ನೀ ಹಾಕಿದ ಎಲಾಸ್ಟಿಕ್ ಕೈನ ಬಿಡಬೇಕಲ್ಲ? ತೆಗೆದ್ರ ಮತ್ತ ಒಳಗ ಹಾಕ್ಕೊಳ್ಳಾಕ ಗಾಡಿ ನಿಂದರಸಬೇಕು. ಅಲ್ಲಿ ನಿಂತ್ರ ಮಾವ ಚಹಾ ಕುಡಿಸದ ಬಿಡಂಗಿಲ್ಲ, ಆಸ್ಪತ್ರ್ಯಾಗ ಪೇಷಂಟು ಕಾಯ್ತಿರ್ತಾರ."

"ಹಂಗಾರ ತಲಿನಾರ ಬಗ್ಗಿಸಬೇಕಿಲ್ಲೇನು?"

"ಬಗ್ಗಸ್ತೀನಿ. ನಗ್ತೀನಿ ಕೂಡ."

"ಹೆಲ್ಮೆಟ್ಟಿನೊಳಗ ನಕ್ರ ಯಾರಿಗೆ ಕಾಣ್ತದಲೇ ನಿನ್ನ ನಗು?"

ಭೀಮರಾಜನಿಗೆ ಇದು ಹೊಳೆದೇ ಇರಲಿಲ್ಲ. ಮೂರು ವಾರ ಪಾಪದವನು ಮುಖ ಮುಚ್ಚುವ ಹೆಲ್ಮೆಟ್ಟಿನೊಳಗೆ, ಅದರ ಮೇಲೆ ಮಫ್ಲರ್ ಸುತ್ತಿಕೊಂಡು, ಬಾಯಿ ತುಂಬ ನಗುತ್ತ ಮಾವನ ಮುಂದೆ ಹಾದುಹೋಗಿದ್ದ. ಅವನು ತಲೆ ಕೆರೆದುಕೊಂಡು, "ನಿನ್ನೆ ಹಾರ್ನ್ ಹೊಡದೆ, ಗೊತ್ತಾಗ್ಲಿ ಅಂತ" ಎಂದ.

ಮಾಳಮ್ಮ ಹಣೆ ಬಡಿದುಕೊಂಡಳು. ಬೀಗನಾಗುವವನಿಗೆ ಹಾರ್ನ್ ಹೊಡೆಯುವುದೆಂದರೆ ದನಕ್ಕೆ ದಾರಿ ಬಿಡು ಎಂದಂತೆ. ಗಾಯದ ಮೇಲೆ ಬರೆ ಎಳೆದು ಬಂದಿದ್ದಾನೆ ಗಂಡು.

"ಕ್ರಾಂತಿಗಾದ್ರೂ ಹೇಳೀಯೇನು ವಿಷಯ?"

"ಹೇಳೀನಿ. ಆಕಿ ಅವರಪ್ಪಗ ಹೇಳ್ಯಾಳ. ಮನಸ್ಸಿದ್ರ ಚೀಲದಾಗಿಂದ್ಲೂ ಕೈ ಬರ್ತದ ಅಂದ್ರಂತ."

ಮರುದಿನ ಭೀಮರಾಜ ಅವ್ವನಿಗೆ ಹೇಳದೆ ಚೀಲ ಬಿಚ್ಚಿಟ್ಟು ಹೋದ. ಬರಿಗೈಯಲ್ಲಿ ಹೋಗಿ, ಚಹಾದಂಗಡಿ ಮುಂದೆ ವೇಗ ತಗ್ಗಿಸಿ, ಎಡಗೈಯನ್ನು ಆಕಾಶಕ್ಕೆ ತಾಗುವ ಹಾಗೆ ಎತ್ತಿದ. ಹೊನ್ನೂರಸ್ವಾಮಿ ಗೋಡೆ ಕಡೆ ಮುಖ ತಿರುಗಿಸಿ ಚಹಾ ಊದುತ್ತ ಕೂತ. ಹೇಳಿಸಿಕೊಂಡ ಮೇಲೆ ಎತ್ತಿದ ಕೈಗೆ ಅವನ ಬಳಿ ಬೆಲೆಯಿರಲಿಲ್ಲ. ಅತ್ತ ಆಸ್ಪತ್ರೆಯಲ್ಲಿ ಮರಗಟ್ಟಿದ ಬೆರಳಿಗೆ ಒಬ್ಬ ಅಜ್ಜಿಯ ನರ ಸಿಗಲಿಲ್ಲ. ಚುಚ್ಚಿದ್ದ ಕಡೆಯೇ ಮತ್ತೆ ಚುಚ್ಚಿದ. ಅಜ್ಜಿ ಬೈಯಲಿಲ್ಲ. "ಇರ್ಲಿ ಬಿಡಪ್ಪ, ನನ್ನ ತೊಗಲಾ ಒಣಗೈತಿ" ಎಂದು ಅವನಿಗೇ ಸಮಾಧಾನ ಹೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಎಂದು ಅವನಿಗನಿಸಿತು.

ಸಂಜೆ ಅವನು ಊಟಕ್ಕೆ ಕೂತಾಗ ಮಾಳಮ್ಮ ಅವನ ಬೆರಳು ನೋಡಿದಳು. ಗೆಣ್ಣಿನ ಮೇಲೆಲ್ಲ ಸೀಳು, ಒಂದೆರಡು ಕಡೆ ರಕ್ತ ಜಿನುಗಿ ಒಣಗಿತ್ತು. ರೊಟ್ಟಿ ಮುರಿಯಲೂ ಕಷ್ಟಪಡುತ್ತಿದ್ದ. ತಾನೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ಅವನ ತಟ್ಟೆಗೆ ಇಡುತ್ತ ಹೋದಳು. ಅಜ್ಜಿಯ ವಿಷಯ ಅವನೇ ಹೇಳಿದ. ಹೇಳಿ, "ಸಂಬಂಧ ತಪ್ಪಿ ಹೋಗ್ತೈತೇನವ್ವ?" ಎಂದ. ಇಪ್ಪತ್ತೊಂಬತ್ತು ವರ್ಷದ ಮಗ, ಮೀಸೆ ಬಂದ ಮಗ, ಶಾಲೆಯಲ್ಲಿ ಸ್ಲೇಟು ಒಡೆದುಕೊಂಡು ಬಂದ ದಿನ ಕೇಳಿದ ಹಾಗೆಯೇ ಕೇಳಿದ.

ತಪ್ಪೆಲ್ಲ ತನ್ನದೇ ಎಂದು ಅವಳಿಗೆ ಅನ್ನಿಸತೊಡಗಿತು. ಕುಲಾಯಿ ಹೊಲಿದವಳು ತಾನು, ಎಲಾಸ್ಟಿಕ್ ಬಿಗಿದವಳು ತಾನು. ಬೆಚ್ಚಗಾಗಲಿ ಎಂದು ಮಾಡಿದ್ದು ಮಗನ ಬಾಳಿಗೇ ಥಂಡಿ ತಂದಿತ್ತು. ಚೀಲ ತೆಗೆದರೆ ಬಡಪಾಯಿ ಜನರ ತೋಳು ನೀಲಿಗಟ್ಟುತ್ತವೆ. ಇಟ್ಟರೆ ಕ್ರಾಂತಿಯಂಥ ಹುಡುಗಿ ತಪ್ಪುತ್ತಾಳೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆಯಂತೆ, ನಿಜ. ಅಲ್ಲಿಯವರೆಗೆ ಕಾದರೆ ಹುಡುಗಿಯೂ ಶಿವಶಿವ ಎಂದು ಬೇರೆ ಮನೆಗೆ ಹೋಗಿರುತ್ತಾಳೆ. ಕೂತು ಯೋಚಿಸುವುದು ಮಾಳಮ್ಮನ ಜಾಯಮಾನವಲ್ಲ. ಎರ್ರೆಮ್ಮನಿಗೆ ಫೋನ್ ಮಾಡಿ, ನಾಳೆ ಉಪ್ಪಿಟ್ಟು ನೀನೇ ತಿರುವಿಕೋ ಎಂದಳು.

ಬೆಳಿಗ್ಗೆ ಭೀಮರಾಜ ಹೊರಗೆ ಬಂದು ನೋಡಿದರೆ ಹ್ಯಾಂಡಲ್ಲಿನ ಎರಡೂ ಕಡೆ ಕುಲಾಯಿ ಕಟ್ಟಿತ್ತು. ಪಕ್ಕದಲ್ಲಿ ಅವ್ವ ನಿಂತಿದ್ದಳು. ಸೀರೆಯ ಮೇಲೆ ಗಂಡನ ಹಳೇ ಸ್ವೆಟರು, ತಲೆಗೆ ಆಟೋದವನ ಹೆಂಡತಿಯಿಂದ ಕೇಳಿ ತಂದ ಮುಖ ಕಾಣುವ ಹೆಲ್ಮೆಟ್ಟು.

"ಎಲ್ಲಿಗವ್ವ?"

"ಕೊಟ್ಟೂರಿಗೆ. ಕೈ ಒಳಗ ಹಾಕು."

"ಚೀಲ ಬ್ಯಾಡವ್ವ, ಮತ್ತ ಮಾವ..."

"ನಿನ್ನ ಕೈ ಸೂಜಿಗೆ ಇರ್ಲಿ. ನಮಸ್ಕಾರಕ್ಕ ನನ್ನ ಕೈ ಐತಿ."

ಹಿಂದಿನ ಸೀಟಿನಲ್ಲಿ ಕೂತು, ಎಡಗೈಯಿಂದ ಮಗನ ಹೆಗಲು ಹಿಡಿದು, ಬಲಗೈ ಸ್ವೆಟರಿನಿಂದ ಹೊರಗೆ ಚಾಚಿದಳು. ಕೂಡ್ಲಿಗಿ ದಾಟುವ ಮೊದಲೇ ಶುರುವಾಯಿತು. ಹಾಲಿನ ಕ್ಯಾನು ಹೊತ್ತು ಬರುತ್ತಿದ್ದವನಿಗೆ ಕೈ ಎತ್ತಿದಳು. ಸಗಣಿ ಬುಟ್ಟಿ ಹೊತ್ತ ಹೆಂಗಸಿಗೆ ಎತ್ತಿದಳು. ಹೊಲದ ಬದುವಿನಲ್ಲಿ ಬೆಂಕಿ ಕಾಯಿಸುತ್ತ ಕೂತಿದ್ದ ಕುರಿ ಕಾಯುವವರಿಗೆ ಎತ್ತಿದಳು, ಅವರು ಯಾರೋ ಬೀಗರು ಹೋಗುತ್ತಿರಬೇಕೆಂದು ನಾಲ್ಕೂ ಜನ ಎದ್ದು ನಿಂತು ಎತ್ತಿದರು. ಎದುರು ಬಂದ ಬಸ್ಸಿನ ಡ್ರೈವರನಿಗೆ ಎತ್ತಿದಳು, ಅವನು ಲೈಟು ಹಾಕಿ ಆರಿಸಿದ. ಜೋಳದ ಹೊಲದಲ್ಲಿ ನಿಂತಿದ್ದ ಬೆದರುಬೊಂಬೆಗೂ ಮಬ್ಬುಬೆಳಕಿನಲ್ಲಿ ಒಮ್ಮೆ ಎತ್ತಿಬಿಟ್ಟಳು.

"ಅವ್ವ, ಅದು ಬೊಂಬಿ."

"ಇರ್ಲಿ ಬಿಡು, ಅದೂ ಥಂಡಿಯಾಗ ನಿಂತೈತಿ."

ಅರ್ಧ ದಾರಿಗೆ ಬೆರಳು ಉರಿಯತೊಡಗಿದವು. ಆಮೇಲೆ ಉರಿಯೂ ನಿಂತಿತು. ಒಂದು ಊರು ದಾಟುವಾಗ ಕೈ ತನ್ನದೋ ಬೇರೆಯವರದೋ ಎನ್ನುವ ಹಾಗಾಯಿತು. ಕುಲಾಯಿ ಹೊಲಿಯುವ ಮೊದಲು ಮಗ ದಿನವೂ ಇದನ್ನೇ ಅನುಭವಿಸಿ, ಸಂಜೆ ಬಂದು ಏನೂ ಹೇಳದೆ ಉಣ್ಣುತ್ತಿದ್ದನಲ್ಲ ಎಂದು ನೆನೆದು ಅವಳ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದು ಎಂದು ಒರೆಸಿಕೊಂಡಳು.

ಅನ್ನದಾನಮ್ಮನ ಅಂಗಡಿಯ ಮುಂದೆ ಹೊನ್ನೂರಸ್ವಾಮಿ ತನ್ನ ಕಲ್ಲಿನ ಮೇಲೆ ಕೂತಿದ್ದ. ಬಿಳಿ ಅಂಗಿ, ಕಿವಿಗೆ ನೀಲಿ ಮಫ್ಲರು, ಕೈಯಲ್ಲಿ ಚಹಾದ ಗ್ಲಾಸು. ಗಾಡಿ ನಿಂತಿತು. ಮಾಳಮ್ಮ ಇಳಿದು ನೆಟ್ಟಗೆ ಅವನ ಮುಂದೆ ಹೋಗಿ ನಿಂತು ಬಲಗೈ ಎತ್ತಿದಳು.

"ಜೈ ಭೀಮ್ ಅಣ್ಣಾ."

ಹೊನ್ನೂರಸ್ವಾಮಿ ಅವಳನ್ನು ನೋಡಿದ, ಹಿಂದೆ ಗಾಡಿಯ ಬಳಿ ನಿಂತ ಹುಡುಗನನ್ನು ನೋಡಿದ. ನೋಡಿ ಗ್ಲಾಸಿನೊಳಗೆ ಕಣ್ಣಿಟ್ಟ.

"ಕೂಡ್ರಿ ತಂಗಿ. ಅನ್ನದಾನಮ್ಮ, ಒಂದು ಚಾ ಕೊಡು."

"ಕೂಡಾಕ ಬಂದಿಲ್ಲ ಅಣ್ಣಾ. ಕೈ ಎತ್ತಾಕ ಬಂದೀನಿ, ಎತ್ತೀನಿ."

"ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ಲ. ಎತ್ತಬೇಕಾದ ಕೈ ಬ್ಯಾರೆ ಇತ್ತು."

"ಇದು ಅವನ ಕೈನಾ ಅಂತ ತಿಳ್ಕೊಳ್ರಿ. ಅವನ ಎರಡೂ ಕೈನ ಚೀಲದಾಗ ಹಾಕಿ ಎಲಾಸ್ಟಿಕ್ ಬಿಗಿದಾಕಿ ನಾನು. ಥಂಡಿ ಕೈಲೆ ಮುಟ್ಟಿದ್ರ ಜನ ಚೀರ್ತಾರ ಅಂತ ಬಿಗಿದೆ. ಸೊಕ್ಕು ಅಂತೀರಿ. ಅಂವ ಹೆಲ್ಮೆಟ್ಟಿನಾಗ ದಿನಾ ನಿಮಗ ನಕ್ಕೊಂತ ಹೋಗ್ಯಾನ, ನಿಮಗ ಕಂಡಿಲ್ಲ, ಅಷ್ಟಾ."

ಹೊನ್ನೂರಸ್ವಾಮಿ ಚಹಾ ಕುಡಿದ. ಕುಡಿದು ಮುಗಿದ ಗ್ಲಾಸನ್ನು ಇನ್ನೊಮ್ಮೆ ಬಾಯಿಗಿಟ್ಟ. ಮಾಳಮ್ಮನ ಕೈ ಹಾಗೇ ಮೇಲಿತ್ತು.

"ಕೈ ಇಳಸ್ರಿ ತಂಗಿ. ಜನ ನೋಡ್ತಾರ."

"ನೋಡ್ಲಿ. ನೀವು ಕೈ ಎತ್ತಿದ ಮ್ಯಾಲೆ ನನ್ನ ಕೈ ಇಳೀತೈತಿ."

ಜನ ನೋಡುತ್ತಲೂ ಇದ್ದರು. ಬಸ್ಸಿಗೆ ನಿಂತವರು ಇತ್ತ ತಿರುಗಿದ್ದರು. ಬನ್ನು ತಿನ್ನುತ್ತಿದ್ದವನೊಬ್ಬ ತಿನ್ನುವುದನ್ನು ಬಿಟ್ಟು ನಿಂತಿದ್ದ. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದು ಅನ್ನದಾನಮ್ಮನಿಗೂ ತಿಳಿಯಲಿಲ್ಲ. ಭೀಮರಾಜ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎನ್ನುವ ಮುಖ ಮಾಡಿಕೊಂಡು ನಿಂತಿದ್ದ. ಮಾಳಮ್ಮನ ಕೈ ನಡುಗತೊಡಗಿತು. ಉಗುರು ನೀಲಿಯಾಗಿದ್ದವು. ಬಾಯಲ್ಲಿ ಎಷ್ಟು ಜೋರಿದ್ದರೂ ಒಳಗೆ ಅವಳಿಗೆ ಹೆದರಿಕೆ. ಇವನು ಎತ್ತದಿದ್ದರೆ ಮುಂದೇನು, ಈ ಕೈಯನ್ನು ಯಾವ ಮುಖ ಹೊತ್ತು ಇಳಿಸಿಕೊಂಡು ಹೋಗುವುದು ಎಂದು ತಿಳಿಯದೆ ನಿಂತಿದ್ದಳು.

ಹೊನ್ನೂರಸ್ವಾಮಿ ಕೊನೆಗೆ ತಲೆ ಎತ್ತಿ ಆ ಕೈಯನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಮುಖದ ಬಿಗಿ ಎಲ್ಲಿಗೋ ಹೋಯಿತು. ಗ್ಲಾಸು ಕೆಳಗಿಟ್ಟ.

"ನಮ್ಮಪ್ಪ ಹಿಂಗಾ ನಿಂದರ್ತಿದ್ದ," ಎಂದ.

ಅವನು ಕಿವಿಯ ಮಫ್ಲರು ಸರಿಸಿದ.

"ಮುಂಜಾನಿ ದೊಡ್ಡೋರ ಕಟ್ಟಿ ಮುಂದ ಹಾದು ಹೋಗಬೇಕಿತ್ತು. ಚಪ್ಪಲಿ ಕಂಕಳಾಗ ಇಟ್ಕೊಂಡು, ನಿಂತು, ಕೈ ಎತ್ತಿ ಶರಣ್ರೀ ಅಂತಿದ್ದ. ಅವರು ಎಲಿ ಅಡಿಕಿ ಹಾಕ್ಕೊಂತ, ಮಾತಾಡ್ಕೊಂತ, ನೋಡಿದ್ರೂ ನೋಡದಂಗ ಕುಂದರ್ತಿದ್ರು. ಅವರು ಹೂಂ ಅನ್ನೋತನ ಇಂವ ಕೈ ಇಳಸಂಗಿಲ್ಲ. ಚಳಿಯಾಗ ಕೈ ನಡುಗೋದು. ನಾ ಅವನ ಧೋತರ ಹಿಡ್ಕೊಂಡು ಬಾಜೂಕ ನಿಂತಿರ್ತಿದ್ದೆ. ಅವತ್ತಾ ಅಂದ್ಕೊಂಡೆ, ನನಗ ಕೈ ಎತ್ತಿದೋರಿಗೆ ನಾ ಎತ್ತದ ಬಿಡಂಗಿಲ್ಲ ಅಂತ." ಅವನು ತಾನು ಕೂತ ಕಲ್ಲನ್ನು ಮುಟ್ಟಿ ತೋರಿಸಿದ. "ಇವತ್ತು ಕಟ್ಟಿ ಮ್ಯಾಲೆ ನಾ ಕುಂತೀನಿ ನೋಡವ್ವ. ನೀ ನಿಂತೀಯ."

ಹಾಗೆಂದವನು ಕಲ್ಲಿನಿಂದ ಎದ್ದ. ಅಂಗಿ ಸರಿಮಾಡಿಕೊಂಡ. ಬಲಗೈ ಎತ್ತಿ, ಶಾಲೆಯ ಮಕ್ಕಳಿಗೆಲ್ಲ ಕೇಳುವಂತೆ ಹೇಳುವ ಹಾಗೆ ಗಟ್ಟಿಯಾಗಿ, "ಜೈ ಭೀಮ್ ತಂಗಿ. ನಂದು ತಪ್ಪಾತು" ಎಂದ.

ಮಾಳಮ್ಮನಿಗೆ ಅಳು ತಡೆಯಲಾಗಲಿಲ್ಲ. ಅತ್ತಳು. ಆದರೆ ಕೈ ಇಳಿಸಲಿಲ್ಲ.

"ಇಳಸವ್ವ ಇನ್ನ," ಎಂದಳು ಅನ್ನದಾನಮ್ಮ.

"ಇಳಿವಲ್ದು ಕಣವ್ವ," ಎಂದಳು ಮಾಳಮ್ಮ ಅಳುತ್ತಲೇ. "ಹೆಗಲು ಹಿಡ್ಕೊಂಡೈತಿ."

ಆಗ ಹಿಂದಿನಿಂದ ಯಾರೋ ನಕ್ಕರು. ಹರಪನಹಳ್ಳಿ ಬಸ್ಸಿಗೆಂದು ಬಂದ ಕ್ರಾಂತಿ, ಹೆಗಲಲ್ಲಿ ಬ್ಯಾಗು ಹಾಕಿಕೊಂಡು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಅವಳ ಕಣ್ಣೂ ಒದ್ದೆಯಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು. ಬ್ಯಾಗು ಅಪ್ಪನ ಕೈಗೆ ಕೊಟ್ಟು, ಮಾಳಮ್ಮನ ತೋಳನ್ನು ಮೊಣಕೈ ಬಳಿ ಹಿಡಿದು ಮೆಲ್ಲಗೆ ಇಳಿಸಿದಳು. ಆ ನೀಲಿ ಕೈಯನ್ನು ತನ್ನ ಎರಡೂ ಅಂಗೈ ನಡುವೆ ಇಟ್ಟುಕೊಂಡು ತಿಕ್ಕಿದಳು, ಬಾಯಿ ಹತ್ತಿರ ತಂದು ಹಾ ಹಾ ಎಂದು ಉಸಿರು ಬಿಟ್ಟಳು.

"ಅತ್ತಿ, ನಿಮ್ಮ ಮಗಗ ಎರಡು ಹೊಲಿದ್ರಿ. ನಿಮಗೊಂದು ಹೊಲ್ಕೊಳ್ಳಾಕ ಏನಾಗಿತ್ತು?"

"ಮುಪ್ಪಿನ ಕೈಗೆ ಯಾಕವ್ವ ಕುಲಾಯಿ."

"ಸುಮ್ಮನಿರ್ರಿ," ಎಂದು ಗದರಿಸಿ ಇನ್ನೊಂದು ಕೈಯನ್ನೂ ಎಳೆದುಕೊಂಡಳು.

ಮಾಳಮ್ಮನಿಗೆ ತಾನು ಈ ಹಿಂದೆ ಯಾರಿಂದ ಗದರಿಸಿಕೊಂಡಿದ್ದೆ ಎಂಬುದೇ ನೆನಪಾಗಲಿಲ್ಲ. ಹಾಸ್ಟೆಲಿನಲ್ಲಿ, ಮನೆಯಲ್ಲಿ, ಓಣಿಯಲ್ಲಿ, ಗದರಿಸುವವಳು ಯಾವಾಗಲೂ ತಾನೇ. ಅವಳಿಗೆ ಬಹಳ ಹಿತವಾಯಿತು. ಕೈಯನ್ನು ಹುಡುಗಿಯ ಕೈಯಲ್ಲೇ ಬಿಟ್ಟು ಕಲ್ಲಿನ ಮೇಲೆ ಕೂತಳು.

ಭೀಮರಾಜ ಮುಂದೆ ಬಂದ. ಮಾವನ ಮುಂದೆ ನಿಂತು, ಏನು ಹೇಳಬೇಕೋ ತಿಳಿಯದೆ, ಸುಮ್ಮನೆ ಕೈ ಎತ್ತಲು ಹೋದ. ಹೊನ್ನೂರಸ್ವಾಮಿ ಆ ಕೈಯನ್ನು ಅರ್ಧದಲ್ಲೇ ಹಿಡಿದ. ಬೆರಳ ಮೇಲಿನ ಸೀಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದ.

"ಹೊತ್ತಾತು, ಹೋಗಪ್ಪ. ಅಲ್ಲಿ ಜನ ಹಸ್ಕೊಂಡು ಕುಂತಿರ್ತಾರ."

"ಮಾವ, ನಾಳೆಯಿಂದ ಗಾಡಿ ನಿಂದರಿಸಿ..."

"ಏನೂ ಬ್ಯಾಡ. ಕೈ ಒಳಗ ಇಟ್ಕೊಂಡು ಹೋಗು. ಹಿರೇರು ಮೊದ್ಲು ಎತ್ತಬಾರ್ದು ಅಂತ ಯಾವ ಸಂವಿಧಾನದಾಗ ಬರದೈತಿ?"

ಭೀಮರಾಜ ಹೆಲ್ಮೆಟ್ ಹಾಕಿಕೊಂಡ, ಮಫ್ಲರ್ ಸುತ್ತಿದ, ಎರಡೂ ಕೈ ಕುಲಾಯಿಯೊಳಗೆ ತೂರಿಸಿದ. ಎಲಾಸ್ಟಿಕ್ ಸರಿಯಾಗಿ ಕೂತಿದೆಯೇ ಎಂದು ಹೊನ್ನೂರಸ್ವಾಮಿ ಬಗ್ಗಿ ಎಳೆದು ನೋಡಿದ. ಗಾಡಿ ಹೊರಟಿತು. ಮುದುಕ ರಸ್ತೆಯ ಅಂಚಿಗೆ ಹೋಗಿ ನಿಂತು, ಹೋಗುತ್ತಿದ್ದ ಅಳಿಯನ ಬೆನ್ನಿಗೆ ಕೈ ಎತ್ತಿದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ.

"ಅಂವಗ ಕಾಣಲಿಲ್ಲ ಬಿಡ್ರಿ ಬೀಗರ," ಎಂದಳು ಮಾಳಮ್ಮ.

"ಕಾಣ್ಲಿ ಅಂತ ಎತ್ತಿಲ್ಲ ತಂಗಿ," ಎಂದು ಹೊನ್ನೂರಸ್ವಾಮಿ ಬಂದು ಅವಳ ಪಕ್ಕದಲ್ಲಿ ಕೂತ. "ಹೂವು ಎಲ್ಲಿಂದ ತರಸ್ತೀರಿ?"